ಮೇ ಮೂರನೆಯ ವಾರ: ದ್ವೀಪ, ಮರವಂತೆ, ಮನೆಯಂಗಳದ ಆಟ – ಮಳೆಯ ನಡುವೆ ಹೇಗೆ ಹೊಂದಿಸುವುದು?

ಪ್ರಶ್ನೆ (ಕಾಪು)

ಮೇ 20ರ ಆಸುಪಾಸಿನಲ್ಲಿ ಬೆಂಗಳೂರಿನಿಂದ ಚಿಕ್ಕಮ್ಮನ ಮನೆಯವರು ಹನ್ನೆರಡು ಮಂದಿ ಬರುವವರಿದ್ದಾರೆ. ಅವರಲ್ಲಿ 78 ವರ್ಷದ ಅಜ್ಜಿಯೂ ಮೂವರು ಮಕ್ಕಳೂ ಇದ್ದಾರೆ. ಮೂರು ದಿನಗಳಲ್ಲಿ ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪ, ಕಾರಿನಲ್ಲಿ ಮರವಂತೆ, ಕೊನೆಯ ಸಂಜೆ ನಮ್ಮ ಅಂಗಳದಲ್ಲಿ ಹರಕೆಯ ಆಟ (ಯಕ್ಷಗಾನ) ಎಂದು ಯೋಜಿಸಿದ್ದೇವೆ. ಕಳೆದ ವರ್ಷ ಇದೇ ಹೊತ್ತಿಗೆ ಸಂಜೆ ನಾಲ್ಕರವರೆಗೆ ಸುಡುಬಿಸಿಲಿದ್ದು, ಐದಕ್ಕೆ ಶಾಮಿಯಾನವೇ ಹಾರಿಹೋಗಿತ್ತು. ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ (ಮಲ್ಪೆ)

ದ್ವೀಪವನ್ನು ಮೊದಲ ದಿನವೇ, ಅದೂ ಬೆಳಗಿನ ಮೊದಲ ಬೋಟಿಗೇ ಇಟ್ಟುಕೊಳ್ಳಿ. ಅಂದು ಗಾಳಿಯಿಂದ ಬೋಟು ನಿಂತರೆ ಇನ್ನೆರಡು ಬೆಳಗುಗಳಾದರೂ ಕೈಯಲ್ಲಿರುತ್ತವೆ. ಮುಂಗಾರುಪೂರ್ವ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ ಘಟ್ಟದ ಕಡೆಯಿಂದ ಕಟ್ಟಿಕೊಂಡು ಬರುತ್ತದೆ, ಬೆಳಗಿನ ಸಮುದ್ರ ಅಷ್ಟರಮಟ್ಟಿಗೆ ಶಾಂತ. ದ್ವೀಪದಲ್ಲಿ ನೋಡಬೇಕಾದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣ್ಣಗಾಗುವಾಗ ಬಿರುಕುಬಿಟ್ಟು ಮೂಡಿದ, ಬಹುಪಾಲು ಆರು ಮುಖದ ಕಲ್ಲುಕಂಬಗಳನ್ನು. ಆದರೆ ತೆಂಗಿನ ಮರಗಳ ಹೊರತು ಅಲ್ಲಿ ಹೇಳಿಕೊಳ್ಳುವಂಥ ಆಸರೆಯಿಲ್ಲ, ಸಿಡಿಲಿನ ಹೊತ್ತಿಗೆ ಆ ಮರಗಳಡಿ ನಿಲ್ಲುವಂತೆಯೂ ಇಲ್ಲ. ಅಲೆಗೆ ಓಲಾಡುವ ಬೋಟಿಗೆ ಹತ್ತಿಳಿಯುವುದು ಅಜ್ಜಿಗೆ ಕಷ್ಟವಾದೀತು. ಅವರನ್ನು ದಡದಲ್ಲಿ ಉಳಿಸುವುದೇ ನನಗೆ ಸರಿಯೆನಿಸುತ್ತದೆ.

ಉತ್ತರ (ಕುಂದಾಪುರ)

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಬೋಟು ನಿಂತರೆ ಹೂಡೆಯ ಮೂಲಕ ಕೋಡಿಬೆಂಗ್ರೆಗೆ ಹೋಗಿ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಕಿರಿದಾದ ನೆಲದ ಪಟ್ಟಿ, ಅಜ್ಜಿ ಕಾರಿನಿಂದ ಇಳಿಯದೆಯೇ ಎರಡೂ ಕಾಣುತ್ತವೆ. ಮರವಂತೆಯಲ್ಲಿಯೂ ಹೆದ್ದಾರಿ 66ರ ಒಂದು ಬದಿ ಸೌಪರ್ಣಿಕಾ ನದಿ, ಇನ್ನೊಂದು ಬದಿ ಸಮುದ್ರ ಇವೆ, ಮಳೆಯಲ್ಲಿ ಅದು ಇನ್ನೂ ಚೆಂದ. ಆದರೆ ಅಲೆ ಎದ್ದಾಗ ಮಕ್ಕಳನ್ನು ನೀರಿಗಿಳಿಸಬೇಡಿ.

ಉತ್ತರ (ಮಂಗಳೂರು)

ಆಟದ ಬಗ್ಗೆ ಯಾರೂ ಹೇಳಲಿಲ್ಲ. ತುಳುನಾಡಿನ ಪತ್ತನಾಜೆ ದಿನ ಸಾಮಾನ್ಯವಾಗಿ ಮೇ 24 ಅಥವಾ 25ಕ್ಕೆ ಬರುತ್ತದೆ, ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದರೆ ಆ ವರ್ಷದ ತಿರುಗಾಟ ಮುಗಿಸುತ್ತವೆ. ಆದ್ದರಿಂದ ಮಳೆಯ ನೆಪದಲ್ಲಿ ದಿನ ಮುಂದೂಡಲು ನಿಮಗೆ ಅವಕಾಶ ಕಡಿಮೆ. ಇಡೀ ರಾತ್ರಿಯ ಬದಲು ಸಂಜೆ ಶುರುವಾಗಿ ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿಯ ಆಟವೆಂದರೆ ಆರಂಭವಾಗುವುದೇ ಮಳೆ ಬರುವ ಹೊತ್ತಿಗೆ. ತೇವಕ್ಕೆ ಚೆಂಡೆಯ ಚರ್ಮ ಸಡಿಲಾಗುತ್ತದೆ, ವೇಷ ನೆನೆಯುತ್ತದೆ. ಹರಕೆ ಅಂಗಳದಲ್ಲೇ ಸಲ್ಲಬೇಕೆಂಬ ಹಟವಿಲ್ಲದಿದ್ದರೆ ಹತ್ತಿರದ ಸಭಾಭವನವನ್ನು ಈಗಲೇ ಕಾದಿರಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಮೊದಲ ಬೆಳಗು ದ್ವೀಪ, ಮರುದಿನ ಮರವಂತೆ ಎಂದು ನಿಶ್ಚಯಿಸಿದ್ದೇವೆ. ಹರಕೆ ಅಂಗಳದಲ್ಲೇ ಸಲ್ಲಬೇಕೆಂದು ಅಪ್ಪ ಪಟ್ಟುಹಿಡಿದಿರುವುದರಿಂದ ಗಣಪತಿ ಪೂಜೆಯನ್ನು ಅಂಗಳದಲ್ಲಿ ಮುಗಿಸಿ, ಮೋಡ ಕಟ್ಟಿದರೆ ಆಟವನ್ನು ಸಭಾಭವನಕ್ಕೆ ಒಯ್ಯುವುದೆಂದು ಮೇಳದವರೊಡನೆ ಮಾತಾಡಿದ್ದೇನೆ. ಅಜ್ಜಿ ಮಾತ್ರ ತಾನೂ ಬೋಟು ಹತ್ತುವುದಾಗಿ ಈಗಾಗಲೇ ಫೋನಿನಲ್ಲಿ ಹೇಳಿಬಿಟ್ಟಿದ್ದಾರೆ.