ಸಣ್ಣ ಹೊಳೆಗೆ ದೊಡ್ಡ ಬೋಟು: ಕುದ್ರಿನವರ ಪ್ರಶ್ನೆಗೆ ದೋಣಿ ವಿನ್ಯಾಸಕರ ಉತ್ತರ

ಪ್ರಶ್ನೆ – ಕುದ್ರಿನ ನಿವಾಸಿ

ಸರ್, ನಮ್ಮ ಮನೆ ಕೂಳೂರು ಸೇತುವೆಗಿಂತ ಮೇಲೆ, ಫಲ್ಗುಣಿ ಹೊಳೆಯ ನಡುವಿನ ಒಂದು ಸಣ್ಣ ಕುದ್ರಿನಲ್ಲಿ, ಎಂದರೆ ನಡುಗಡ್ಡೆಯಲ್ಲಿದೆ. ಸರ್ಕಾರದ ಕಾಗದದಲ್ಲಿ ಇದು ಗುರುಪುರ ನದಿ. ಮಂಗಳೂರಿಗೆ ಜಲ ಮೆಟ್ರೊ ಬರುತ್ತದೆ, ಬಜಾಲಿನಿಂದ ಮರವೂರಿನವರೆಗೆ ನೇತ್ರಾವತಿ, ಫಲ್ಗುಣಿ ಎರಡನ್ನೂ ಬಳಸಿ ಸುಮಾರು 30 ಕಿ.ಮೀ. ದಾರಿ, 17 ನಿಲ್ದಾಣ ಎಂದು ಪತ್ರಿಕೆಯಲ್ಲಿ ಓದಿದೆವು. ಕೊಚ್ಚಿಯಲ್ಲಿ ಓಡುವ ನೂರು ಜನರ ಬೋಟಿನಂಥದ್ದೇ ಇಲ್ಲಿಗೂ ಬರುತ್ತದೆ ಎನ್ನುತ್ತಾರೆ. ಈಗ ಯಂತ್ರದ ದೋಣಿಯೊಂದು ಜೋರಾಗಿ ಹೋದರೂ ನಮ್ಮ ತೋಟದ ಅಂಚಿನ ಮಣ್ಣು ಕಳಚಿ ಬೀಳುತ್ತದೆ. ಎರಡು ತೆಂಗಿನ ಮರಗಳು ಈಗಾಗಲೇ ಹೊಳೆಯ ಪಾಲಾಗಿವೆ. ದಿನಕ್ಕೆ ಹತ್ತಾರು ಸಲ ಅಷ್ಟು ದೊಡ್ಡ ಬೋಟು ಓಡಾಡಿದರೆ ಕುದ್ರು ಉಳಿಯುತ್ತದೆಯೇ? ನಮ್ಮನ್ನು ಸಭೆಗೆ ಕರೆದರೆ ಏನು ಕೇಳಬೇಕು?

ಉತ್ತರ – ದೋಣಿ ವಿನ್ಯಾಸಕ (ನಿವೃತ್ತ)

ಅಕ್ಕ, ನಿಮ್ಮ ಭಯ ಸುಳ್ಳಲ್ಲ. ಆದರೆ ಅದನ್ನು ಬೋಟಿನ ಗಾತ್ರದ ಮೇಲೆ ಹೊರಿಸಿದರೆ ಸಭೆಯಲ್ಲಿ ನೀವು ಸೋಲುತ್ತೀರಿ. ಎದುರಿಗೆ ಕುಳಿತ ಎಂಜಿನಿಯರ್ ಒಂದೇ ಮಾತಿನಲ್ಲಿ ತಳ್ಳಿಹಾಕಬಲ್ಲರು, ಏಕೆಂದರೆ ಗಾತ್ರದ ವಿಷಯದಲ್ಲಿ ಲೆಕ್ಕ ಅವರ ಕಡೆಗಿದೆ. ಎಂಟು ಮೀಟರ್ ಉದ್ದದ ದೋಣಿ ಎಂಟು ನಾಟ್, ಎಂದರೆ ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಹೋಗುವಾಗ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತಿರುತ್ತದೆ. ಹಿಂಭಾಗ ಕುಸಿದು, ಮೂತಿ ಮೇಲೆದ್ದು, ನೀರನ್ನು ಉತ್ತುಕೊಂಡು ಹೋಗುತ್ತದೆ. ನಿಮ್ಮ ತೆಂಗಿನ ಬುಡಕ್ಕೆ ಬಡಿಯುತ್ತಿರುವುದು ಅಂಥ ಅಲೆಯೇ ಇರಬೇಕು. ಕೊಚ್ಚಿಯ ಬೋಟು ಸುಮಾರು 25 ಮೀಟರ್ ಉದ್ದದ್ದು, ಎರಡು ತೆಳ್ಳಗಿನ ಒಡಲುಗಳನ್ನು ಜೋಡಿಸಿ ಮಾಡಿದ ಅಲ್ಯೂಮಿನಿಯಂ ದೋಣಿ. ಅದೇ ವೇಗದಲ್ಲಿ, ಆಳವಾದ ನೀರಿನಲ್ಲಿ, ತನ್ನ ತೂಕಕ್ಕೆ ಹೋಲಿಸಿದರೆ ಅದು ಎಬ್ಬಿಸುವ ಅಲೆ ಕಡಿಮೆ.

‘ಆಳವಾದ ನೀರಿನಲ್ಲಿ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನೀರು ಆಳವಿಲ್ಲದಿದ್ದರೆ ಅಲೆಯ ಓಟಕ್ಕೊಂದು ಮಿತಿ ಇರುತ್ತದೆ. ಎರಡು ಮೀಟರ್ ಆಳದಲ್ಲಿ ಆ ಮಿತಿ ಗಂಟೆಗೆ ಸುಮಾರು 16 ಕಿ.ಮೀ., ಮೂರು ಮೀಟರಿನಲ್ಲಿ ಹತ್ತೊಂಬತ್ತೂವರೆ, ನಾಲ್ಕರಲ್ಲಿ ಇಪ್ಪತ್ತೆರಡೂವರೆ. ಬೋಟಿನ ವೇಗ ಆ ಮಿತಿಯ ಸಮೀಪಕ್ಕೆ ಬಂತೆಂದರೆ ಅಲೆಗಳು ಚದುರಲಾರದೆ ಒಂದರ ಮೇಲೊಂದು ಕೂಡಿಕೊಂಡು ಎತ್ತರವಾಗುತ್ತವೆ. ಮಿತಿಯ ಮುಕ್ಕಾಲು ಭಾಗ ದಾಟುವಾಗಲೇ ಇದು ಕಣ್ಣಿಗೆ ಬೀಳತೊಡಗುತ್ತದೆ. ಹಾಗಾಗಿ ನಾಲ್ಕು ಮೀಟರ್ ಆಳದಲ್ಲಿ ಸಾಧುವಾಗಿರುವ ಅದೇ ಬೋಟು, ಅದೇ ಎಂಟು ನಾಟ್ ವೇಗದಲ್ಲಿ, ಎರಡು ಮೀಟರ್ ಆಳದ ಜಾಗಕ್ಕೆ ಬಂದಾಗ ದಂಡೆಯನ್ನು ಅಗೆಯುತ್ತದೆ. ಅಲೆಯ ಎತ್ತರ ಎರಡು ಪಟ್ಟಾದರೆ ಅದರ ಹೊಡೆತ ಎರಡಲ್ಲ, ನಾಲ್ಕು ಪಟ್ಟು.

ಇನ್ನೊಂದು ಸಂಗತಿ ಇದೆ. ದೊಡ್ಡ ಬೋಟಿನ ನಿಜವಾದ ತಕರಾರು ಇದೇ, ಆದರೂ ಸಭೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ಇಕ್ಕಟ್ಟಾದ ಹೊಳೆಯಲ್ಲಿ ದೊಡ್ಡ ಒಡಲು ಮುಂದೆ ಸರಿಯುವಾಗ ಅದರ ಎರಡೂ ಬದಿಯ ನೀರು ಕಿರಿದಾದ ಸಂದಿಯಲ್ಲಿ ಹಿಂದಕ್ಕೆ ನುಗ್ಗಬೇಕಾಗುತ್ತದೆ. ಆಗ ದಂಡೆಯ ಬಳಿ ನೀರಿನ ಮಟ್ಟ ಮೊದಲು ಕೆಳಗಿಳಿಯುತ್ತದೆ, ಕೆಸರು ಕಾಣುತ್ತದೆ, ಬೋಟು ದಾಟಿದ ಮೇಲೆ ನೀರು ಒಮ್ಮೆಲೇ ಮರಳಿ ಏರುತ್ತದೆ. ನೊರೆಯಿಲ್ಲ, ಸದ್ದಿಲ್ಲ, ವಿಡಿಯೊದಲ್ಲಿ ಏನೂ ಕಾಣುವುದಿಲ್ಲ. ಆದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬುಡದ ಸಡಿಲ ಮಣ್ಣನ್ನು ಹೀರಿಕೊಂಡು ಹೋಗುವುದು ಈ ಎಳೆತವೇ. ನೇತ್ರಾವತಿಯಂಥ ಅಗಲ ಹೊಳೆಯಲ್ಲಿ ಇದು ನಗಣ್ಯ. ಕುದ್ರಿನ ಪಕ್ಕದ ಕವಲಿನಲ್ಲಿ ಹಾಗಲ್ಲ.

ಹಾಗಾಗಿ ಸಭೆಯಲ್ಲಿ ‘ದೊಡ್ಡ ಬೋಟು ಬೇಡ’ ಎನ್ನುವುದಕ್ಕಿಂತ ‘ನಮ್ಮ ಕುದ್ರಿನ ಎದುರು, ಪೂರ್ತಿ ಇಳಿತದ ಹೊತ್ತಿನಲ್ಲಿ, ಎಷ್ಟು ಆಳದಲ್ಲಿ, ಎಷ್ಟು ವೇಗದಲ್ಲಿ ಹೋಗುತ್ತೀರಿ’ ಎಂದು ಕೇಳಿ. ಉತ್ತರ ಬಾಯಿಮಾತಿನಲ್ಲಿ ಬೇಡ. ವೇಗದ ಮಿತಿ ಪರವಾನಗಿಯ ಷರತ್ತಾಗಿ, ಜಾಗದ ಹೆಸರಿನ ಸಮೇತ, ಕಾಗದದಲ್ಲಿ ಬರಲಿ. ಒಂದು ಬೋಟನ್ನು ತಂದು, ಜನ ತುಂಬಿದಷ್ಟೇ ಭಾರ ಹೇರಿ, ನಿಮ್ಮೆದುರೇ ಓಡಿಸಿ ಅಲೆ ಅಳೆಯಲಿ. ಖಾಲಿ ಬೋಟಿನ ಪರೀಕ್ಷೆಯನ್ನು ಒಪ್ಪಬೇಡಿ. ನಾನು ಕೆಲಸದಲ್ಲಿದ್ದಾಗ ಖಾಲಿ ಬೋಟಿನ ಅಲೆ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದನ್ನು ಕಂಡಿದ್ದೇನೆ. ಆ ದಿನ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ ಎನ್ನಲು ಈಗ ನಾಚಿಕೆಯಾಗುತ್ತದೆ.

ಪ್ರಶ್ನೆ – ಕಾಲೇಜು ವಿದ್ಯಾರ್ಥಿ

ಕೊಚ್ಚಿಯ ಬೋಟುಗಳು ಬ್ಯಾಟರಿಯಲ್ಲಿ ಓಡುತ್ತವೆ. ಪರಿಸರಕ್ಕೆ ಒಳ್ಳೆಯದೆಂದೇ ಅವುಗಳನ್ನು ತಂದದ್ದಲ್ಲವೇ?

ಉತ್ತರ

ಬ್ಯಾಟರಿಯಲ್ಲಿ ಓಡುವಾಗ ಡೀಸೆಲ್ ಹೊಗೆ ಇಲ್ಲ, ಸದ್ದು ಕಡಿಮೆ. ಎಲ್ಲವೂ ನಿಜ, ಅದಕ್ಕಾಗಿ ನಾನು ಅವುಗಳನ್ನು ಮೆಚ್ಚುತ್ತೇನೆ. ಆದರೆ ತನ್ನನ್ನು ಎಬ್ಬಿಸಿದ್ದು ಬ್ಯಾಟರಿಯೋ ಡೀಸೆಲ್ಲೋ ಎಂದು ಅಲೆಗೆ ಗೊತ್ತಾಗುವುದಿಲ್ಲ.

ಪ್ರಶ್ನೆ – ಪಂಚಾಯಿತಿಯ ಮಾಜಿ ಸದಸ್ಯ

ಕೂಳೂರಿನ ಹಳೆಯ ಕಮಾನು ಸೇತುವೆಯ ಅಡಿಯಲ್ಲಿ ಇಂಥ ಬೋಟು ತೂರುತ್ತದೆಯೇ? ಮೇಲೆ ಮರವೂರಿನಲ್ಲಿ 2021ರ ಜೂನ್‌ನಲ್ಲಿ ಸೇತುವೆ ಕುಸಿದು ವಿಮಾನ ನಿಲ್ದಾಣದ ದಾರಿಯೇ ಕಟ್ಟಿಹೋಗಿತ್ತು. ಕಂಬಗಳ ಬುಡ ಗಟ್ಟಿಯಾಗಿದೆ ಎಂದು ಹೇಗೆ ನಂಬುವುದು?

ಉತ್ತರ

ಬಹಳ ಸರಿಯಾದ ಪ್ರಶ್ನೆ. ತೂರುವುದನ್ನು ಇಳಿತದಲ್ಲಿ ನೋಡಬಾರದು, ಹುಣ್ಣಿಮೆ ಅಮಾವಾಸ್ಯೆಯ ಭರತದಲ್ಲಿ, ಅದೂ ಮಳೆಗಾಲದ ನೆರೆ ಸೇರಿದಾಗ ನೋಡಬೇಕು. ನಮ್ಮ ಕರಾವಳಿಯಲ್ಲಿ ಭರತ ಇಳಿತಗಳ ವ್ಯತ್ಯಾಸವೇ ಒಂದು ಮೀಟರ್ ದಾಟುತ್ತದೆ. ಆಳದ ಲೆಕ್ಕ ಇಳಿತದಲ್ಲಿ, ಎತ್ತರದ ಲೆಕ್ಕ ಭರತದಲ್ಲಿ. ಇದನ್ನು ತಿರುಗುಮುರುಗು ಮಾಡಿದ ನಕ್ಷೆ ಕಂಡರೆ ಅಲ್ಲೇ ಕೆಂಪು ಗೆರೆ ಎಳೆಯಿರಿ.

ತಪ್ಪು ಮಾಡುವುದು ಬಡ ಊರುಗಳು ಮಾತ್ರ ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪ್ಯಾರಮ್ಯಾಟಾ ಎಂಬ ನದಿ ಇದೆ, ಮೇಲೆ ಹೋದಂತೆ ಕಿರಿದಾಗುತ್ತದೆ, ದಡದಲ್ಲಿ ನಮ್ಮಲ್ಲಿರುವಂತೆಯೇ ಕಾಂಡ್ಲಾ. ಅಲ್ಲಿಗೆ ಹೊಸ ಫೆರಿಗಳು ಬಂದಾಗ ಮೇಲಿನ ಅಟ್ಟದಲ್ಲಿ ಜನ ಕುಳಿತಿದ್ದರೆ ಎರಡು ತಗ್ಗು ಸೇತುವೆಗಳ ಅಡಿಯಲ್ಲಿ ಸುರಕ್ಷಿತವಾಗಿ ಹೋಗಲಾಗದು ಎಂಬುದು 2020ರಲ್ಲಿ ಸುದ್ದಿಯಾಯಿತು. ಸೇತುವೆ ಬಂತೆಂದರೆ ಅಟ್ಟ ಖಾಲಿ ಮಾಡಿಸಬೇಕು. ಆಮೇಲೆ ಆ ನದಿಗೆ ಹೊಂದುವ ಬೇರೆಯದೇ ಬೋಟುಗಳನ್ನು ಹೋಬಾರ್ಟ್‌ನಲ್ಲಿ ಕಟ್ಟಿಸಿದರು. ಅಂಗಿ ಹೊಲಿದ ಮೇಲೆ ಮೈ ಅಳತೆ ತೆಗೆದ ಹಾಗೆ.

ಕಂಬದ ಬುಡದ ವಿಷಯ ಸೇತುವೆಯ ಎಂಜಿನಿಯರಿಗೆ ಸೇರಿದ್ದು. ನನ್ನ ಕಸುಬಿನ ಮಟ್ಟಿಗೆ ಇಷ್ಟು ಹೇಳಬಲ್ಲೆ: ಬೋಟು ನಿಲ್ಲುವಾಗ ಮತ್ತು ಹೊರಡುವಾಗ ಹಿಂದಿನ ಪಂಖ (ಪ್ರೊಪೆಲ್ಲರ್) ಎಬ್ಬಿಸುವ ಸೆಳೆತ ತಳದ ಮರಳನ್ನು ಕೆದಕುತ್ತದೆ. ಹಾಗಾಗಿ ನಿಲ್ದಾಣವನ್ನು ಸೇತುವೆಯ ಕಂಬಕ್ಕೆ ಆನಿಸಿದಂತೆ ಕಟ್ಟಬಾರದು.

ಪ್ರಶ್ನೆ – ಮರುವಾಯಿ (ಚಿಪ್ಪುಮೀನು) ಹೆಕ್ಕುವವರು

ಹೂಳು ತೆಗೆದು ಆಳ ಮಾಡುತ್ತಾರಂತೆ. ಆಗ ನಿಮ್ಮ ಅಲೆಯ ಸಮಸ್ಯೆ ಹೋಗುತ್ತದಲ್ಲ? ನಮ್ಮ ಮರುವಾಯಿ ಏನಾಗುತ್ತದೆ, ಬಾವಿ ನೀರು ಏನಾಗುತ್ತದೆ?

ಉತ್ತರ

ಅಮ್ಮ, ಒಂದು ಹಲ್ಲುನೋವು ಹೋಗಿ ಇನ್ನೊಂದು ಬರುತ್ತದೆ. ಆಳ ಹೆಚ್ಚಿದರೆ ಅಲೆ ಸಣ್ಣದಾಗುತ್ತದೆ, ಅದು ನಿಜ. ಆದರೆ ಉಪ್ಪುನೀರು ಸಿಹಿನೀರಿಗಿಂತ ಭಾರ, ತಳ ಹಿಡಿದು ಮೇಲಕ್ಕೆ ನುಗ್ಗುತ್ತದೆ. ಅಳಿವೆಯಿಂದ ಮೇಲಕ್ಕೆ ಆಳವಾದ ಕಾಲುವೆ ಕೊರೆದಷ್ಟೂ ಅದಕ್ಕೆ ದಾರಿ ಸುಗಮ. ಮಾರ್ಚಿನಿಂದ ಮೇ ತನಕ ಹೊಳೆಯಲ್ಲಿ ಹರಿವು ಸೊರಗಿದಾಗ ತಡೆಯುವವರಿಲ್ಲ. ಹೊಳೆಗೆ ಅಡ್ಡಲಾಗಿ ಕಿಂಡಿ ಅಣೆಕಟ್ಟು ಕಟ್ಟುವುದೇ ಉಪ್ಪನ್ನು ಆಚೆ ನಿಲ್ಲಿಸಲು. ಅಣೆಕಟ್ಟಿನ ಕೆಳಗಿರುವ ಕುದ್ರುಗಳಿಗೆ ಆ ರಕ್ಷಣೆ ಇಲ್ಲ. ಮರುವಾಯಿ ಇರುವ ಮರಳುದಿಬ್ಬವನ್ನೇ ಅಗೆದರೆ ಅದು ಹೋಯಿತು, ಪಕ್ಕದಲ್ಲಿ ಅಗೆದರೂ ಕದಡಿದ ಕೆಸರು ಬಂದು ಕೂರುತ್ತದೆ. ನನ್ನನ್ನು ಕೇಳಿದರೆ, ಅಲೆಗಿಂತ ಹೂಳೆತ್ತುವುದೇ ದೊಡ್ಡ ವಿಷಯ. ಹೊಳೆಯನ್ನು ಬೋಟಿಗೆ ತಕ್ಕಂತೆ ಅಗೆಯುವ ಮೊದಲು ಬೋಟನ್ನು ಹೊಳೆಗೆ ತಕ್ಕಂತೆ ಚಿಕ್ಕದು ಮಾಡಲು ಸಾಧ್ಯವೇ ಎಂದು ಕೇಳಿ. ಕೂಳೂರಿನವರೆಗೆ ನೂರು ಜನರದ್ದು, ಅಲ್ಲಿಂದ ಮೇಲೆ ಐವತ್ತು ಜನರದ್ದು ಎಂದರೆ ಆಕಾಶವೇನೂ ಬೀಳುವುದಿಲ್ಲ.

ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬಾವಿ ನೀರಿನ ಉಪ್ಪು ಅಳೆದು ಪುಸ್ತಕದಲ್ಲಿ ಬರೆದಿಡಿ. ಅಳೆಯುವ ಸಣ್ಣ ಉಪಕರಣ ಅಂಗಡಿಯಲ್ಲಿ ಸಿಗುತ್ತದೆ. ದಂಡೆಯಲ್ಲಿ ನಾಲ್ಕು ಗೂಟ ಹೊಡೆದು, ಅಂಚಿಗೆ ಎಷ್ಟು ದೂರ ಎಂದು ತಿಂಗಳಿಗೊಮ್ಮೆ ಅಳೆದು, ಅದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ. ಇದನ್ನೆಲ್ಲ ಬೋಟು ಬರುವ ಮೊದಲೇ ಶುರು ಮಾಡಬೇಕು. ಬಂದ ಮೇಲೆ ಬರೆದ ಲೆಕ್ಕಕ್ಕೆ ‘ಮೊದಲೂ ಹೀಗೆಯೇ ಕೊರೆತವಿತ್ತು’ ಎಂಬ ಒಂದೇ ಉತ್ತರ ಸಿಗುತ್ತದೆ.

ಪ್ರಶ್ನೆ – ಕಡವಿನ ದೋಣಿ ನಡೆಸುವವರು

ಎಲ್ಲರೂ ಮಣ್ಣಿನ ಮಾತಾಡಿದಿರಿ. ನಮ್ಮ ಹೊಟ್ಟೆಪಾಡು? ಸಣ್ಣ ದೋಣಿಯೇ ಸಾಕಿತ್ತಲ್ಲ ಇಷ್ಟು ಕಾಲ?

ಉತ್ತರ

ಸಾಕಿತ್ತು ಎನ್ನಲು ನನಗೆ ಮನಸ್ಸು ಬರುವುದಿಲ್ಲ, ಅಣ್ಣ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ಸತ್ತದ್ದು ಮೀನುಗಾರಿಕೆಯ ದೋಣಿಯನ್ನು ಬದಲಿಸಿ ಅಟ್ಟ ಕಟ್ಟಿ, ಮಿತಿ ಮೀರಿ ಜನ ತುಂಬಿದ ಬೋಟಿನಲ್ಲಿ. ಸರಿಯಾಗಿ ಕಟ್ಟಿದ ದೊಡ್ಡ ಬೋಟು ಅದಕ್ಕಿಂತ ಎಷ್ಟೋ ಸುರಕ್ಷಿತ. ಮಕ್ಕಳು ಶಾಲೆಗೆ ಹೋಗುವ ದಾರಿ ಅದು, ಈ ಮಾತನ್ನು ನಾನು ಬಿಟ್ಟುಕೊಡಲಾರೆ.

ಹೊಟ್ಟೆಪಾಡಿಗೆ ನನ್ನ ಬಳಿ ಮದ್ದಿಲ್ಲ. ಒಂದು ದಾರಿ ಮಾತ್ರ ಕಾಣುತ್ತದೆ. ಯಂತ್ರದ ದೋಣಿ ನಡೆಸುವವರಿಗೆ ಅರ್ಹತಾ ಪತ್ರ ಬೇಕೆಂದು 2021ರ ಒಳನಾಡು ನೌಕೆಗಳ ಕಾಯ್ದೆ ಹೇಳುತ್ತದೆ. ತರಬೇತಿಗೂ ಕೆಲಸಕ್ಕೂ ಈ ಹೊಳೆಯ ಕಡವಿನವರನ್ನೇ ಮೊದಲು ಕರೆಯಬೇಕು ಎಂಬ ಬೇಡಿಕೆಯನ್ನು ಈಗಲೇ ಲಿಖಿತವಾಗಿ ಇಡಿ. ಅಂದಹಾಗೆ ನನಗೊಂದು ಉಪಕಾರವಾಗಬೇಕು. ಮುಂದಿನ ಅಮಾವಾಸ್ಯೆಯ ಇಳಿತದಲ್ಲಿ ಕುದ್ರಿನ ಎರಡೂ ಬದಿಯಲ್ಲಿ ಗಳ ಊರಿ ಆಳ ನೋಡುತ್ತೀರಾ?

ಕಡವಿನ ದೋಣಿ ನಡೆಸುವವರು

ನೋಡಿ ಬಂದೆ ಸರ್. ಮೂಡು ಬದಿಯ ಹರಿವಿನಲ್ಲಿ ಮೂರೂವರೆ ಮೀಟರ್. ಪಡು ಬದಿಯಲ್ಲಿ, ಅಕ್ಕನ ತೋಟದ ಎದುರು, ಒಂದೂಕಾಲು. ಅಲ್ಲಿ ಗಳ ಕೆಸರಿಗೆ ಇನ್ನೂ ಒಂದು ಮೊಳ ಇಳಿಯುತ್ತದೆ.

ಉತ್ತರ

ಒಂದೂಕಾಲು ಮೀಟರಿನಲ್ಲಿ ಅಲೆಯ ಮಿತಿಯೇ ಗಂಟೆಗೆ ಹನ್ನೆರಡೂವರೆ ಕಿ.ಮೀ. ಪಡು ಬದಿಯಲ್ಲಿ ಬೋಟಿನ ದಾರಿ ಎಳೆದಿದ್ದಾರೆಯೇ ಎಂದು ಸಭೆಯಲ್ಲಿ ಮೊದಲು ಅದನ್ನೇ ಕೇಳಿ, ಅಕ್ಕ. ಈ ಅಣ್ಣನನ್ನು ಗಳದ ಸಮೇತ ಕರೆದುಕೊಂಡು ಹೋಗಿ.