ಅಪ್‌ಡೇಟ್: ಮೂರು ದಾಳಗಳಲ್ಲಿ 9ಕ್ಕಿಂತ 10 ಏಕೆ ಹೆಚ್ಚು?

ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ನನ್ನ ಪ್ರಶ್ನೆ ಇಷ್ಟು: ಮೂರು ದಾಳ ಎಸೆದಾಗ ಮೊತ್ತ 9 ಆಗುವ ಅಂಕಿಗಳ ಗುಂಪುಗಳು (ಕ್ರಮ ಲೆಕ್ಕಿಸದೆ) ಆರು, 10 ಆಗುವ ಗುಂಪುಗಳೂ ಆರೇ. ಹಾಗಿದ್ದರೂ 10ರ ಸಂಭವನೀಯತೆ ಹೆಚ್ಚು, ಏಕೆ?

ದಾಳಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು ಎಣಿಸಿ ಎಂಬ ಸಲಹೆಯೇ ಗಂಟು ಬಿಡಿಸಿತು. ಕೆಂಪು, ನೀಲಿ, ಬಿಳಿ ಎಂದಿಟ್ಟುಕೊಂಡರೆ ಒಟ್ಟು ಫಲಿತಗಳು 6×6×6, ಅಂದರೆ 216. ಸಮಾನ ಅವಕಾಶ ಇರುವುದು ಈ 216ಕ್ಕೆ, ಗುಂಪುಗಳಿಗಲ್ಲ. 1, 2, 6 ಎಂಬ ಗುಂಪು ಮೂರು ಬಣ್ಣಗಳಲ್ಲಿ ಆರು ರೀತಿ ಬೀಳಬಹುದು. 1, 4, 4 ಮೂರೇ ರೀತಿ; ಒಂಟಿ 1 ಯಾವ ದಾಳದಲ್ಲಿದೆ ಎಂಬುದಷ್ಟೇ ಅಲ್ಲಿ ಬದಲಾಗುತ್ತದೆ. 3, 3, 3ಕ್ಕಂತೂ ಒಂದೇ ದಾರಿ. ಇಡೀ ವ್ಯತ್ಯಾಸ ಹುಟ್ಟುವುದು ಇಲ್ಲೇ, ಏಕೆಂದರೆ 10ರ ಪಟ್ಟಿಯಲ್ಲಿ ಇಂಥ ಮೂರೂ ಒಂದೇ ಆದ ಗುಂಪು ಇಲ್ಲ. ಕೂಡಿದರೆ 9ಕ್ಕೆ 25, 10ಕ್ಕೆ 27. ಶೇಕಡಾವಾರು ಸುಮಾರು 11.6 ಮತ್ತು 12.5.

ಇದೇ ಒಗಟನ್ನು ಗೆಲಿಲಿಯೊ 17ನೇ ಶತಮಾನದಲ್ಲೇ ಬಿಡಿಸಿದ್ದ. ಶೇ. 1ಕ್ಕಿಂತ ಕಡಿಮೆಯ ಈ ಅಂತರ ಅಂದಿನ ಜೂಜುಗಾರರ ಕಣ್ಣಿಗೆ ಬಿದ್ದಿತ್ತು ಎಂಬುದು ನನಗೆ ಲೆಕ್ಕಕ್ಕಿಂತಲೂ ದೊಡ್ಡ ಬೆರಗು.

11, 12ರ ಬಗ್ಗೆ ಕೇಳಿದವರಿಗೆ: ದಾಳದ ಎದುರುಬದುರು ಮುಖಗಳ ಮೊತ್ತ 7, ಅಂದರೆ ಮೂರು ದಾಳಗಳ ಮೇಲಿನ ಮತ್ತು ಕೆಳಗಿನ ಮುಖಗಳು ಸೇರಿ 21. ಮೇಲೆ 10 ಇದ್ದರೆ ಕೆಳಗೆ 11, ಮೇಲೆ 9 ಇದ್ದರೆ ಕೆಳಗೆ 12. ಆದ್ದರಿಂದ 11ಕ್ಕೂ 27, 12ಕ್ಕೂ 25, ಮತ್ತೆ ಎಣಿಸಬೇಕಾಗಿಲ್ಲ.