ಮ್ಯಾಂಗೋಸ್ಟೀನ್ ಹಣ್ಣು ಆರಿಸುವುದು ಹೇಗೆ?

ಪ್ರಶ್ನೆ: ಮಂಗಳೂರಲ್ಲಿ ತಾಜಾ ಮ್ಯಾಂಗೋಸ್ಟೀನ್ ಯಾವಾಗ ಸಿಗ್ತದೆ? ಒಂದು ಕಿಲೋ ತಂದರೆ ಅರ್ಧ ಕಲ್ಲಿನ ಹಾಗೆ, ಕೆಲವದರ ತೊಳೆ ಹಳದಿ, ಕಹಿ.

ಉತ್ತರ 1: ಮಳೆಗಾಲದಲ್ಲಿ ಮಾರಾಯ್ರೆ, ಕೇರಳದ ಚಾಲಕುಡಿ ಕಡೆಯ ಬೆಳೆ ಆಗಲೇ ಇರುವುದು. ತೊಟ್ಟು ಹಸಿರಿರಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಸ್ವಲ್ಪ ತಗ್ಗಬೇಕು. ಗಟ್ಟಿ ಇದ್ದರೆ ಹಳತು, ಇಲ್ಲಾ ಬಿದ್ದು ಪೆಟ್ಟಾದದ್ದು. ಬುಡದಲ್ಲಿರುವ ಹೂವಿನಂಥ ಗುರುತಿನ ಎಸಳು ಎಣಿಸಿ: ಎಷ್ಟು ಎಸಳೋ ಒಳಗೆ ಅಷ್ಟೇ ತೊಳೆ. 6-7 ಇದ್ದದ್ದೇ ತಗೊಳ್ಳಿ, ಬೀಜ ಕಮ್ಮಿ.

ಉತ್ತರ 2: ಹಳದಿ ಅಂದರೆ ಸಿಪ್ಪೆಯ ಮೇಣ ಒಳಗೆ ಒಸರಿದ್ದು. ನಮ್ಮ ಪುನರ್ಪುಳಿಯ (ಕೋಕಂ) ಕುಲವೇ ಅಲ್ವಾ! ಹಣ್ಣು ಬಲಿಯುವಾಗ ಜೋರು ಮಳೆ ಹೊಡೆದರೆ ಇದು ಜಾಸ್ತಿ. ಆ ತೊಳೆ ಮಾತ್ರ ಬಿಸಾಡಿ.

ಉತ್ತರ 3: ಫ್ರಿಜ್ಜಿನ ತೀರಾ ತಂಪಲ್ಲಿ ಇಡಬೇಡಿ, ಸಿಪ್ಪೆ ಗಟ್ಟಿಯಾಗುವುದು ಅದಕ್ಕೂ ಹೌದು. 13 ಡಿಗ್ರಿ ಆಸುಪಾಸು ಸಾಕು.